ದಿನಕ್ಕೊಂದು ಬೆರಳು

ನಾಗೇಂದ್ರ ಮಾವ ನನ್ನ ಅವ್ವನಿಗೆ ಮಾತು ಕೊಟ್ಟಾಗ ನನಗೆ ಒಂಬತ್ತು ವರ್ಷ. ಅವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮಾವನ ಕೈಯಲ್ಲಿ ಇನ್ನೂ ಪಿಸ್ತೂಲು ಇತ್ತು. ತಾನು ಹೊಡೆದ ಗುಂಡನ್ನು ತನ್ನ ಅಂಗಡಿಯ ಬಾಗಿಲಲ್ಲೇ ಹಿಂದೆ ಬಿಟ್ಟು, ಅದಕ್ಕಿಂತ ಮೊದಲು ಬೀದಿಯುದ್ದಕ್ಕೂ ನಡೆದು ನಮ್ಮ ಮನೆ ಮುಟ್ಟಿದ್ದ. ಪಿಸ್ತೂಲನ್ನು ಎಲ್ಲಿಡಬೇಕೆಂದು ತಿಳಿಯದೆ ಅಕ್ಕಿ ಡಬ್ಬಿಯ ಮೇಲಿಟ್ಟು, ಅವ್ವನ ಎದುರು ಕುಕ್ಕರುಗಾಲಲ್ಲಿ ಕೂತ.

"ಅಕ್ಕಾ, ಅಳಬ್ಯಾಡ. ನಾನು ಹೊಡೆದಿದ್ದು ಪಾಯಿಂಟ್ ನಲವತ್ತೈದರಲ್ಲಿ. ಭಾವನ್ನ ಮುಟ್ಟೋಕೆ ಮೂವತ್ತು ವರ್ಷ ಎಂಟು ತಿಂಗಳು ಬೇಕು. ಅದು ಮುಟ್ಟೋ ದಿನ ನಾನೇ ಬಂದು ಭಾವನ ಕೈ ಹಿಡಿದು ಪಕ್ಕಕ್ಕೆ ಎಳೀತೀನಿ. ನಿನ್ನ ಮೇಲಾಣೆ."

ಅವ್ವ ಸೆರಗು ತೆಗೆದು, "ಎಳೀಲೇಬೇಕು" ಎಂದಳು.

"ಎಳೀತೀನಿ."

ಆಮೇಲೆ ಅವ್ವ ಅವನಿಗೆ ಊಟಕ್ಕೆ ಬಡಿಸಿದಳು. ಹೊಡೆದು ಬಂದವನಿಗೆ ಹಸಿವು ಜಾಸ್ತಿ.

ಅದೇ ಹೊತ್ತಿಗೆ ಅಪ್ಪ ನಮ್ಮ ಅಂಗಡಿಯ ಜಗಲಿಯ ಮೇಲೆ ನಿಂತು ಇಡೀ ಬೀದಿಗೆ ಇನ್ನೊಂದು ಮಾತು ಕೊಡುತ್ತಿದ್ದ. "ಆ ಗುಂಡು ಬಂದ ದಿನ ನಾನು ಇದೇ ಜಾಗದಾಗೆ ನಿಂತಿರ್ತೀನಿ ಕಣ್ರಲೇ! ಒಂದು ಹೆಜ್ಜೆ ಆಕಡೆ ಈಕಡೆ ಇಟ್ರೆ ನಾನು ಹಾಲೇಶಪ್ಪನೇ ಅಲ್ಲ!" ಸಂಜೆ ಪುರಸಭೆಯವರು ಬಂದು ಅಪ್ಪನ ಹೆಬ್ಬೆರಳಿನ ಮುಂದೆ ಜಗಲಿಗೆ ಹಿತ್ತಾಳೆಯ ಮೊಳೆಗಳನ್ನು ಸಾಲಾಗಿ ಹೊಡೆದು ಗೆರೆ ಮಾಡಿದರು. ಅವರು ಮೊಳೆ ಹೊಡೆದು ಮುಗಿಸುವವರೆಗೂ ಅಪ್ಪ ಎದೆ ಉಬ್ಬಿಸಿಕೊಂಡೇ ನಿಂತಿದ್ದ. ಆಗ ಅವನು ಬೀದಿಯಲ್ಲೇ ಎತ್ತರದ ಆಳು.

ಜಗಳ ಶುರುವಾಗಿದ್ದು ಜಬ್ಬಾರ್ ಸಾಬರ ಟೀ ಅಂಗಡಿಯಲ್ಲಿ, ಪಿಸ್ತೂಲುಗಳ ಮಾತಿನಲ್ಲೇ. ನಮ್ಮೂರಲ್ಲಿ ಬೇರೆ ಮಾತಿಗೆ ಅಷ್ಟು ಜಗಳ ಆಗುವುದಿಲ್ಲ. ಮಾವ ಆ ವಾರವಷ್ಟೇ ಪದ್ಮರಾಜಯ್ಯನವರ ಅಂಗಡಿಯಿಂದ ನಲವತ್ತೈದು ತಂದಿದ್ದ. ಅಪ್ಪನದು ಮೊದಲಿಂದಲೂ ಮೂವತ್ತೆರಡರ ಪಕ್ಷ. "ನಲವತ್ತೈದು ಅಂದ್ರೆ ಹೆಂಗಸರ ಬೆಳ್ಳಿ ಡಾಬು ಇದ್ದಂಗೆ. ಮದುವೇಲಿ ಹಾಕ್ಕಂಡು ಓಡಾಡಾಕೆ ಚೆಂದ" ಎಂದುಬಿಟ್ಟ. ಮಾವ, "ಭಾವ, ಮಾತು ನೋಡಿ ಆಡು" ಎಂದ. ಅಪ್ಪ, "ಏನ್ ಹೊಡೀತೀಯಾ? ಹೊಡಿ. ನನ್ನ ಮೊಮ್ಮಕ್ಕಳ ಕಾಲಕ್ಕೆ ಬಂದು ಮುಟ್ಟುತ್ತೆ" ಎಂದ.

ಜಗಳ ಆದ ಜಾಗದಲ್ಲೇ ಹೊಡೆಯುವಂತಿಲ್ಲ. ಇಬ್ಬರೂ ತಂತಮ್ಮ ಮನೆಗೆ ಹೋಗಬೇಕು, ಒಂದೊಂದು ಲೋಟ ನೀರು ಕುಡಿಯಬೇಕು, ಆಮೇಲೆ ತಂತಮ್ಮ ಜಗಲಿಯ ಮೇಲೆ ಬಂದು ನಿಲ್ಲಬೇಕು. ನೀರು ಕುಡಿದ ಮೇಲೂ ಹೊಡೆಯಬೇಕೆನಿಸಿದರೆ ಹೊಡೆಯಬಹುದು. ಬಹಳ ಜನ ನೀರು ಕುಡಿದು ಮಲಗಿಬಿಡುತ್ತಾರೆ. ಮಾವ ಅವತ್ತು ಮಜ್ಜಿಗೆ ಕುಡಿದ. ಅದಕ್ಕೇ ಹಿಂಗಾಯಿತು ಎಂದು ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ಮಾವನ ಹಗ್ಗದ ಅಂಗಡಿ ಬೀದಿಯ ಆ ತುದಿಗೆ, ನಮ್ಮ ಕೊಡೆ ರಿಪೇರಿ ಅಂಗಡಿ ಈ ತುದಿಗೆ. ನಡುವೆ ಏಳುನೂರು ಅಡಿ, ಬೀದಿ ನೇರ.

ಗುಂಡುಗಳು ಮಧ್ಯಾಹ್ನ ಹನ್ನೆರಡಕ್ಕೆ, ಪುರಸಭೆಯ ಸೈರನ್ ನಿಂತ ಕ್ಷಣಕ್ಕೆ ಸರಿಯುತ್ತವೆ. ದಿನಕ್ಕೊಂದೇ ಸಲ. ಪಾಯಿಂಟ್ ಇಪ್ಪತ್ತೆರಡು ಒಂದು ಮೊಳ ಸರಿಯುತ್ತದೆ. ಮೂವತ್ತೆರಡು ಒಂದು ಗೇಣು. ಮೂವತ್ತೆಂಟು ನಾಲ್ಕು ಬೆರಳು. ಒಂಬತ್ತು ಎಂ.ಎಂ. ಈಚೆಗೆ ಬಂದದ್ದು, ಐದು ಬೆರಳೋ ಆರು ಬೆರಳೋ ಎಂಬುದರಲ್ಲಿ ಇನ್ನೂ ಒಮ್ಮತವಿಲ್ಲ. ನಲವತ್ತೈದು ಒಂದೇ ಬೆರಳು. ಉಳಿದ ಹೊತ್ತು ಅವು ಹೊಡೆದ ಎತ್ತರದಲ್ಲೇ ಗಾಳಿಯಲ್ಲಿ ನಿಂತಿರುತ್ತವೆ. ಯಾರೂ ಮುಟ್ಟಬಾರದು. ಮೈ ತಗುಲಿದರೆ ಗುಂಡಿಗೆ ಹಳೆಯ ವೇಗವೆಲ್ಲ ವಾಪಸು ಬರುತ್ತದೆ. ಗೆರೆ ಮುಟ್ಟುವ ದಿನ ಹೊಡೆಸಿಕೊಂಡವರು ಗೆರೆಗೆ ಬಂದು ನಿಲ್ಲಬಹುದು, ಅಥವಾ "ತಪ್ಪು ನಮ್ಮದು" ಎಂದು ಕೂಗಿ ಹೇಳಿ ಪಕ್ಕಕ್ಕೆ ಸರಿಯಬಹುದು. ಯಾರಿಗೂ ತಗುಲದೆ ಗೆರೆ ದಾಟಿದ ಗುಂಡು ತಾನಾಗಿ ಕೆಳಗೆ ಬೀಳುತ್ತದೆ.

ನಾನು ದೊಡ್ಡವಳಾಗಿ ಸೇರಿಕೊಂಡದ್ದು ಪುರಸಭೆಯ ಗೂಡಿನ ಕೆಲಸಕ್ಕೆ. ಊರಲ್ಲಿರುವ ಒಂದೊಂದು ಗುಂಡಿಗೂ ಸುತ್ತ ಒಂದು ಮರದ ಗೂಡು ಇರುತ್ತದೆ, ದನ ಮಕ್ಕಳು ತಗುಲದ ಹಾಗೆ. ಸೈರನ್ ಆದ ಮೇಲೆ ಗೂಡನ್ನು ಗುಂಡು ಸರಿದಷ್ಟೇ ಮುಂದಕ್ಕೆ ಸರಿಸಬೇಕು, ಅಳತೆಪಟ್ಟಿ ಹಿಡಿದು ಎತ್ತರ ಮತ್ತು ದೂರ ಅಳೆಯಬೇಕು, ಪುಸ್ತಕದಲ್ಲಿ ಬರೆಯಬೇಕು. ನನ್ನ ಪಾಲಿಗೆ ಹತ್ತೊಂಬತ್ತು ಗುಂಡು. ಹದಿನಾಲ್ಕು ವರ್ಷ ಹೀಗೇ ನಡೆದಿದೆ. ಬೆಳಿಗ್ಗೆ ಎರಡು ಮಕ್ಕಳ ಡಬ್ಬಿ ಕಟ್ಟಿ, ಜಡೆ ಹಾಕಿ, ಅಪ್ಪನಿಗೆ ಗಂಜಿ ಇಟ್ಟು ಹೊರಟರೆ, ಮಧ್ಯಾಹ್ನ ಗೂಡು, ಆಮೇಲೆ ಅಪ್ಪನ ಬದಲು ಕೊಡೆ ರಿಪೇರಿ. ನನ್ನ ಗಂಡ ನಾಲೆ ಕೆಲಸದಲ್ಲಿದ್ದು ಹದಿನೈದು ದಿನಕ್ಕೊಮ್ಮೆ ಬಂದು, "ಏನೇ ವನಜಾ, ಸೊರಗಿದೀಯಲ್ಲ" ಎಂದು ಹೇಳಿ ಹೋಗುತ್ತಾನೆ. ಆ ಹತ್ತೊಂಬತ್ತರಲ್ಲಿ ಒಂದು ಅಪ್ಪನದು. ಜಗಲಿಯ ಮಟ್ಟದಿಂದ ಅರವತ್ತಾರು ಬೆರಳು ಎತ್ತರ. ಪುಸ್ತಕದಲ್ಲಿ ಈ ಅಂಕಿ ಮಾತ್ರ ಹದಿನಾಲ್ಕು ವರ್ಷವೂ ಬದಲಾಗಲಿಲ್ಲ.

ಟೀ ಅಂಗಡಿಯಲ್ಲಿ ವಾದವೂ ಬದಲಾಗಲಿಲ್ಲ. ನಾನು ಜಬ್ಬಾರ್ ಸಾಬರ ಅಂಗಡಿ ಎದುರಿನ ಗೂಡು ಸರಿಸುವಾಗ ದಿನಾ ಕೇಳುತ್ತಿದ್ದೆ.

"ಸಿಟ್ಟು ಅಂದ್ರೆ ಇಪ್ಪತ್ತೆರಡು ಕಣ್ರೀ" ಎಂದು ಕಟಿಂಗ್ ಶಾಪಿನ ಮಲ್ಲೇಶಿ. "ಒಂದೂಕಾಲು ವರ್ಷದಾಗೆ ಕೆಲಸ ಮುಗೀತು. ಸಿಟ್ಟು ಆರೋಕೆ ಮುಂಚೆ ಮುಟ್ಟಿದ್ರೆ ತಾನೇ ಮಜ?"

"ನಿನ್ನ ಮಜಕ್ಕೆ ಬೆಂಕಿ ಬೀಳ್ಲಿ" ಎಂದು ಜಬ್ಬಾರ್ ಸಾಬರು ಸೋಸಣಿಗೆ ಕುಟ್ಟುತ್ತಿದ್ದರು. "ಇಪ್ಪತ್ತೆರಡರಾಗೆ ಹೊಡೆದೋರು ಯಾರು ಸುಖವಾಗವ್ರೆ ಹೇಳು. ಇನ್ನೂ ಒಬ್ಬರ ಮುಖ ಒಬ್ಬರು ನೋಡಾಕಾಗ್ದೆ ಇರೋವಾಗ್ಲೇ ಬಂದು ನಿಲ್ಲುತ್ತೆ. ತಪ್ಪು ಅನ್ನಾಕೆ ಬಾಯಿ ಬರಾಕಿಲ್ಲ. ಸಂಸಾರಸ್ಥರಿಗೆ ಮೂವತ್ತೆರಡೇ ಸರಿ. ಎರಡೂವರೆ ವರ್ಷ. ಅಷ್ಟೊತ್ತಿಗೆ ಮಗು ನಡೆಯಾಕೆ ಕಲ್ತಿರ್ತದೆ, ಮನಸ್ಸು ಮೆತ್ತಗಾಗಿರ್ತದೆ. ಅದಕ್ಕೇ ಊರಾಗೆ ಹತ್ತರಾಗೆ ಆರು ಮನೇಲಿ ಮೂವತ್ತೆರಡೇ ಇರೋದು."

"ಹೆಚ್ಚು ಜನ ತಗೊಂಡ ಮಾತ್ರಕ್ಕೆ ಒಳ್ಳೇದು ಅಂತಲಾ?" ಇದು ಪದ್ಮರಾಜಯ್ಯನವರು. ಅವರು ಎಲ್ಲವನ್ನೂ ಮಾರುತ್ತಿದ್ದರು, ಆದರೆ ನಲವತ್ತೈದನ್ನು ಮಾರುವಾಗ ಮಾತ್ರ ಎದ್ದು ನಿಲ್ಲುತ್ತಿದ್ದರು. "ನಲವತ್ತೈದು ಮನೆತನದ ಪಿಸ್ತೂಲು. ಅದಕ್ಕೊಂದು ಗಾಂಭೀರ್ಯ ಐತೆ. ಗಾಳಿಗೆ ಜಗ್ಗಲ್ಲ, ಮಳೆಗೆ ಜಗ್ಗಲ್ಲ. ಕೊಂಡೋರು ಒಬ್ಬರಾದ್ರೂ ವಾಪಸ್ ಬಂದು ದೂರು ಹೇಳಿದಾರಾ?"

"ಅಷ್ಟೊತ್ತಿಗೆ ಕೊಂಡೋರೇ ಸತ್ತಿರ್ತಾರೆ" ಎನ್ನುತ್ತಿದ್ದ ಮಲ್ಲೇಶಿ.

ಒಂಬತ್ತು ಎಂ.ಎಂ. ಬಗ್ಗೆ ಕಾಲೇಜಿನವರು ಬಂದು ಇಂಗ್ಲಿಷಿನಲ್ಲಿ ವಾದ ಮಾಡಿ, ಟೀ ಕುಡಿಯದೆ ಹೋಗುತ್ತಿದ್ದರು. ಮೂವತ್ತೆಂಟರ ಪಕ್ಷದವರು ಇಬ್ಬರೇ, ಇಬ್ಬರೂ ರಿಟೈರಾದ ಪೊಲೀಸರು, ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು.

ಅಪ್ಪನೂ ಮಾವನೂ ಇದೇ ಅಂಗಡಿಗೆ ಬರುತ್ತಿದ್ದರು, ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಮೂವತ್ತು ವರ್ಷ ನೇರ ಮಾತಿಲ್ಲ. ಅಪ್ಪ ಲೋಟಕ್ಕೆ ಹೇಳುವಂತೆ, "ಮೂವತ್ತೆರಡರಾಗೆ ಹೊಡೆದಿದ್ರೆ ಗಂಡಸು ಅಂತಿದ್ದೆ" ಎನ್ನುತ್ತಿದ್ದ. ಮಾವ ಬೋಂಡಾಕ್ಕೆ ಹೇಳುವಂತೆ, "ಮೂವತ್ತೆರಡರಾಗೆ ಹೊಡೆದಿದ್ರೆ ಇವತ್ತು ಮಾತಾಡಾಕೆ ಇರ್ತಿರಲಿಲ್ಲ" ಎನ್ನುತ್ತಿದ್ದ. ಜಬ್ಬಾರ್ ಸಾಬರು ಇಬ್ಬರ ಮಾತಿಗೂ "ಹೂಂ" ಎನ್ನುತ್ತಿದ್ದರು.

ಹೀಗೇ ಗುಂಡು ಜಬ್ಬಾರ್ ಸಾಬರ ಅಂಗಡಿ ದಾಟಿತು, ಹಿಟ್ಟಿನ ಗಿರಣಿ ದಾಟಿತು. ನನ್ನ ಮದುವೆಯ ಮೆರವಣಿಗೆ ಅದಕ್ಕೆ ಬಳಸಿಕೊಂಡು ಹೋಯಿತು. ಅವ್ವ ತೀರಿಹೋದಾಗ ಅದು ನಮ್ಮ ಅಂಗಡಿಗೆ ನೂರೈವತ್ತು ಅಡಿ ದೂರವಿತ್ತು. ಕೊನೆಯ ದಿನ ಅವ್ವ ಮಾವನನ್ನು ಕರೆಸಿ, "ನಾಗೇಂದ್ರಾ" ಎಂದಳು. ಮಾವ "ನೆನಪೈತಕ್ಕಾ" ಎಂದ. ಅಷ್ಟೇ ಮಾತು.

ಅವ್ವ ಹೋದ ಮೇಲೆ ಅಪ್ಪನ ಬೆನ್ನು ಬಾಗತೊಡಗಿತು. ಜೀವನಪೂರ್ತಿ ಕೊಡೆಯ ಕಡ್ಡಿಯ ಮೇಲೆ ಬಗ್ಗಿದ್ದವನು ಏಳುವುದನ್ನೇ ಮರೆತ ಹಾಗೆ ಬಾಗಿದ. ಡಾಕ್ಟರು ಮೂಳೆ ಎಂದರು, ಸೊಂಟಕ್ಕೆ ಕಟ್ಟುವ ಪಟ್ಟಿ ಕೊಟ್ಟರು. ಅಪ್ಪ ಪಟ್ಟಿಯನ್ನು ಕೊಡೆ ಕಟ್ಟಲು ಬಳಸಿದ. ಆರು ವರ್ಷದಲ್ಲಿ ಅವನ ಮುಖ ನೆಲ ನೋಡುವಂತಾಯಿತು. ಜನರನ್ನು ಚಪ್ಪಲಿಯಿಂದ ಗುರುತಿಸತೊಡಗಿದ. "ಏನ್ರೀ ಪದ್ಮರಾಜಯ್ಯ, ಹೊಸಾ ಬೂಟು?" "ಮಲ್ಲೇಶಿ, ನಿನ್ನ ಚಪ್ಪಲಿ ಉಂಗುಷ್ಠ ಕಿತ್ತೈತೆ ನೋಡು." ತನ್ನ ಕಡೆಗೇ ಬರುತ್ತಿರುವ ಗುಂಡನ್ನು ಮಾತ್ರ ನೋಡಲಾಗುತ್ತಿರಲಿಲ್ಲ. ಅದಕ್ಕೆ ಚಪ್ಪಲಿ ಇಲ್ಲವಲ್ಲ. ದಿನಾ ನಾನು ಒಳಗೆ ಬಂದ ಕೂಡಲೇ ಕೇಳುತ್ತಿದ್ದ:

"ಇನ್ನೆಷ್ಟಮ್ಮಾ?"

"ನೂರಾ ನಲವತ್ತು ಬೆರಳಪ್ಪಾ."

"ಬರ್ಲಿ ಬರ್ಲಿ."

ನೂರಾದಾಗ ನಾನು ಅವನ ಮುಂದೆ ನೆಲದ ಮೇಲೆ ಕೂತೆ. ಹಾಗೆ ಕೂತರೆ ಮಾತ್ರ ಅವನ ಕಣ್ಣು ಕಾಣುತ್ತದೆ.

"ಅಪ್ಪಾ, ಎಲ್ಲರೂ ಹೇಳ್ತಾರಪ್ಪಾ ಅದನ್ನ. ತಪ್ಪು ನಮ್ಮದು ಅಂತ ಒಂದು ಮಾತು. ಎಂ.ಎ. ಓದಿದೋರೂ ಹೇಳ್ತಾರೆ. ಹೇಳಿ ಈಕಡೆ ಬಂದುಬಿಡು."

"ಏನು ತಪ್ಪು?"

"ಏನೋ ಒಂದು."

"ಏನೋ ಒಂದು ಅಲ್ಲಮ್ಮ. ನಲವತ್ತೈದಕ್ಕಿಂತ ಮೂವತ್ತೆರಡು ಮೇಲು ಅಂದೆ. ಅದು ತಪ್ಪಾ? ನಿನ್ನ ಬಾಯಲ್ಲೇ ಹೇಳು, ಹದಿನಾಲ್ಕು ವರ್ಷದಿಂದ ಅಳೀತಿದೀಯ. ತಪ್ಪಾ?"

ಕೆಲಸದಲ್ಲಿರುವವರು ಯಾವ ಪಿಸ್ತೂಲಿನ ಪರವಾಗಿಯೂ ಮಾತಾಡಬಾರದೆಂದು ಪುರಸಭೆಯ ನಿಯಮವಿದೆ.

"ಮಕ್ಕಳಿದಾವಪ್ಪಾ" ಎಂದೆ. "ಚಿನ್ಮಯಿಗೆ ಹನ್ನೆರಡು. ನೀನು ಜಗಲಿ ಮೇಲೆ ಬೀಳೋದನ್ನ ಅವಳು ನೋಡಬೇಕಾ? ಅವ್ವನೂ ಇಲ್ಲ. ನಾನೊಬ್ಬಳು ಏನಂತ ಮಾಡ್ಲಿ?"

ಅಪ್ಪ ನನ್ನ ಪಾದ ನೋಡಿದ. "ಚಪ್ಪಲಿ ಸವೆದೈತೆ ನಿಂದು" ಎಂದ. ನನಗೆ ಅಳು ಬಂತು. ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.

ಮಾರನೆಯ ದಿನದಿಂದ ಅಪ್ಪ ಹೊಸದೊಂದು ಶುರುಮಾಡಿದ. ಬೆಳಿಗ್ಗೆ ಎದ್ದು ಬಾಗಿಲ ಚೌಕಟ್ಟಿಗೆ ಎರಡೂ ಕೈ ಕೊಟ್ಟು ಬೆನ್ನು ನೆಟ್ಟಗೆ ಮಾಡುವ ಕಸರತ್ತು. ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ. "ಗುಂಡು ಎದೆಗೆ ಬರುತ್ತೆ. ಎದೆ ಕೊಟ್ಟು ನಿಲ್ಲಬೇಕು. ಕಳ್ಳನಂಗೆ ಬಗ್ಗಿ ನಿಂತ್ರೆ ಏನ್ ಚೆಂದ?"

ಆ ಕಡೆ ಮಾವನೂ ಸುಮ್ಮನಿರಲಿಲ್ಲ. ಒಂದು ಮಧ್ಯಾಹ್ನ ಗೂಡು ಸರಿಸುತ್ತಿದ್ದಾಗ ನನ್ನ ಹತ್ತಿರ ಬಂದು ನಿಂತ. ಎಪ್ಪತ್ತೆರಡಾಗಿತ್ತು, ಮಂಡಿ ಎರಡೂ ಹೋಗಿದ್ದವು.

"ವನಜಾ, ನಿಮ್ಮಪ್ಪ ಈಗ ಎಷ್ಟು ತೂಕ ಐತೆ?"

"ಯಾಕೆ ಮಾವ?"

"ಎಳೀಬೇಕಲ್ಲಮ್ಮ. ಮೂರು ತಿಂಗಳಿಂದ ಬಾವಿ ನೀರು ಸೇದ್ತಿದೀನಿ, ತೋಳಿಗೆ ಬಲ ಬರ್ಲಿ ಅಂತ. ನಿಮ್ಮತ್ತೆ ಬೈತಾಳೆ, ನಲ್ಲಿ ಇದ್ರೂ ಬಾವಿಗೆ ಯಾಕೆ ಹೋಗ್ತೀಯ ಅಂತ." ಗೂಡಿನ ಸಂದಿಯಿಂದ ತನ್ನ ಗುಂಡನ್ನು ನೋಡಿದ. "ಎಷ್ಟು ನಿಧಾನ ಅನ್ಕೊಂಡಿದ್ದೆ. ಬಂದೇಬಿಡ್ತಲ್ಲ."

"ನೀನು ಎಳೆದ್ರೆ ಅಪ್ಪ ಆಮೇಲೆ ಬದುಕ್ತಾನಾ ಮಾವ? ಊರೆಲ್ಲ ಕೇಳೋ ಹಂಗೆ ಆಡಿದ ಮಾತು."

"ಅದು ಅವನ ಮಾತು. ನಂದೊಂದೈತಲ್ಲ."

ಗೆರೆ ಮುಟ್ಟುವ ದಿನಕ್ಕೆ ಹೊಡೆಸಿಕೊಂಡವರಿಗೆ ಹೊಸ ಜುಬ್ಬ ಹೊಲಿಸುವುದು ಪದ್ಧತಿ. ಇನ್ನು ಹತ್ತು ಬೆರಳಿರುವಾಗ ಅಪ್ಪನನ್ನು ಜಗಲಿಯ ಮೇಲೆ ನಿಲ್ಲಿಸಿ ಅಳತೆ ತೆಗೆದೆ. ಕೈಗೆ ಸಿಕ್ಕಿದ್ದು ಪುರಸಭೆಯ ಅಳತೆಪಟ್ಟಿ. ಅಭ್ಯಾಸಬಲದಿಂದ ಮೊದಲು ನೆಲದಿಂದ ಎತ್ತರ ಹಿಡಿದೆ. ಬಾಗಿದ ಬೆನ್ನು, ಅದರ ಮುಂದಕ್ಕೆ ಚಾಚಿದ ತಲೆ, ನೆತ್ತಿಯ ಅತಿ ಮೇಲಿನ ಕೂದಲು. ಅರವತ್ತೆರಡು ಬೆರಳು.

ಇನ್ನೊಂದು ಸಲ ಅಳೆದೆ. ಅರವತ್ತೆರಡು.

ಮೂವತ್ತು ವರ್ಷ ಊರೆಲ್ಲ ದಿನ ಎಣಿಸಿತ್ತು, ದೂರ ಎಣಿಸಿತ್ತು. ನಾನು ಗುಂಡಿನ ಎತ್ತರವನ್ನು ಐದು ಸಾವಿರ ಸಲ ಬರೆದಿದ್ದೆ. ಆಳನ್ನು ಯಾರೂ ಅಳೆದಿರಲಿಲ್ಲ. ಅರವತ್ತಾರು ಬೆರಳಿನ ಗುಂಡು ಅರವತ್ತೆರಡು ಬೆರಳಿನ ಮನುಷ್ಯನ ಮೇಲೆ ಹಾದುಹೋಗುತ್ತದೆ. ಅವನು ಬಗ್ಗಿಯೇ ಇದ್ದರೆ.

"ಯಾಕಮ್ಮ, ನಿಂತುಬಿಟ್ಟೆ?"

"ಏನಿಲ್ಲಪ್ಪಾ. ತೋಳು ಎಷ್ಟಿರಲಿ?"

ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅಪ್ಪನ ಕಿವಿಗೆ ಬೀಳುತ್ತದೆ, ಬಿದ್ದರೆ ಅವನು ಕಾಲ ಕೆಳಗೆ ಮಣೆ ಇಟ್ಟುಕೊಂಡಾದರೂ ನಿಲ್ಲುತ್ತಾನೆ. ಆದರೆ ಕಸರತ್ತು ನಿಲ್ಲಿಸಲು ನನ್ನಿಂದಾಗಲಿಲ್ಲ. ಚೌಕಟ್ಟಿಗೆ ಎಣ್ಣೆ ಸವರಿ ಜಾರುವಂತೆ ಮಾಡಿದೆ. ಅಪ್ಪ ಕಿಟಕಿಯ ಸರಳು ಹಿಡಿದ. ಗೆರೆ ಮುಟ್ಟುವ ಹಿಂದಿನ ದಿನ ಜುಬ್ಬ ತೊಡಿಸಿ ನೋಡುವ ನೆಪದಲ್ಲಿ ಮತ್ತೆ ಅಳೆದಾಗ ಅರವತ್ತಮೂರಾಗಿತ್ತು.

ಆ ದಿನ ಶುಕ್ರವಾರ. ಬೀದಿಯ ಎರಡೂ ಪಕ್ಕ ಜನ. ನಲವತ್ತೈದು ಗೆರೆ ಮುಟ್ಟುವ ಹೊತ್ತಿಗೆ ಹೊಡೆದವರೂ ಹೊಡೆಸಿಕೊಂಡವರೂ ಇಬ್ಬರೂ ಬದುಕಿರುವುದು ಅಪರೂಪ. ಪದ್ಮರಾಜಯ್ಯನವರು ಮಡಚುವ ಕುರ್ಚಿ ತಂದು ಮುಂದಿನ ಸಾಲಲ್ಲಿ ಕೂತಿದ್ದರು. ಮಕ್ಕಳನ್ನು ಶಾಲೆಗೆ ಕಳಿಸಿದ್ದೆ. ಚಿನ್ಮಯಿ ಹೋಗಿರಲಿಲ್ಲ, ಜಬ್ಬಾರ್ ಸಾಬರ ಪಕ್ಕ ನಿಂತಿದ್ದಳು. ಬೈಯಲು ಹೊತ್ತಿರಲಿಲ್ಲ.

ಹನ್ನೊಂದೂವರೆಗೆ ಗೂಡು ತೆಗೆದೆ. ಗುಂಡು ಗೆರೆಗಿಂತ ಒಂದು ಬೆರಳು ಬೀದಿ ಕಡೆಗೆ ನಿಂತಿತ್ತು. ಅದಕ್ಕೆ ಧೂಳು ಕೂತಿರಲಿಲ್ಲ. ಈಗ ತೊಳೆದಿಟ್ಟ ಹುಣಸೆ ಬೀಜದ ಹಾಗಿತ್ತು.

ಅಪ್ಪ ಒಳಗಿನಿಂದ ಹೊಸ ಜುಬ್ಬದಲ್ಲಿ ಬಂದ. ಕಾಲಬೆರಳಿನಿಂದ ತಡವಿ ಹಿತ್ತಾಳೆ ಮೊಳೆಗಳನ್ನು ಹುಡುಕಿ, ಹೆಬ್ಬೆರಳು ತಾಗಿಸಿ ನಿಂತ. ಅವನ ತಲೆ ಗೆರೆಯ ಆಚೆಗೆ ಚಾಚಿ ಗುಂಡಿನ ಕೆಳಗೆ ಹೋಯಿತು. ಬೀದಿಗೆಲ್ಲ ಕಾಣಿಸಿತು. ಒಂದು ಸದ್ದು ಎದ್ದು, ಅಲ್ಲೇ ಅಡಗಿತು.

ಪದ್ಮರಾಜಯ್ಯನವರು ಕುರ್ಚಿಯಿಂದ ಎದ್ದರು. "ಹಾಲೇಶಪ್ಪನವರೇ, ನಿಮ್ಮ ತಲೆ..." ಎನ್ನುವಷ್ಟರಲ್ಲಿ ಜಬ್ಬಾರ್ ಸಾಬರು ಅವರ ಬೂಟಿನ ಮೇಲೆ ಕಾಲಿಟ್ಟು, "ಟೀ ಕುಡೀರಿ" ಎಂದು ಲೋಟವನ್ನು ಬಾಯಿಗೇ ಹಿಡಿದರು.

"ನನ್ನ ತಲೆಗೇನಾಗೈತೆ?" ಎಂದ ಅಪ್ಪ.

"ಕೂದಲು ಬಾಚಿಲ್ಲ ಅಂತಾರೆ" ಎಂದ ಮಲ್ಲೇಶಿ.

"ಅದನ್ನ ನಿನ್ನ ಅಂಗಡೀಲಿ ಹೇಳು. ವನಜಾ, ಎಲ್ಲೈತಮ್ಮ? ಎದೆಗೆ ನೇರ ಐತಾ?"

"ಐತಪ್ಪಾ."

"ಎಷ್ಟು ದೂರ?"

"ಒಂದು ಬೆರಳು."

ಎದೆಗೆ ನೇರ ಎಂದದ್ದು ಹದಿನಾಲ್ಕು ವರ್ಷದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅಳತೆ. ಬೀದಿಯಲ್ಲಿ ಯಾರೂ ತಿದ್ದಲಿಲ್ಲ.

ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ಮಾವ ಬಂದ. ಜನ ದಾರಿ ಬಿಟ್ಟರು. ಜಗಲಿಯ ಮೆಟ್ಟಿಲು ಹತ್ತಲು ಮಲ್ಲೇಶಿ ತೋಳು ಕೊಟ್ಟ. ಅಪ್ಪ ನೆಲ ನೋಡುತ್ತಲೇ, "ಟೈರಿನ ಚಪ್ಪಲಿ" ಎಂದ. ಮಾವ ನೇರ ಬಂದು ಎರಡೂ ಕೈಯಲ್ಲಿ ಅಪ್ಪನ ಬಲಗೈ ಮಣಿಕಟ್ಟನ್ನು ಹಿಡಿದ. ಮೂರು ತಿಂಗಳು ನೀರು ಸೇದಿದ ಕೈ. ಕಾಲು ಅಗಲಿಸಿ ಊರಿದ.

"ಬಿಡೋ ಕೈ" ಎಂದ ಅಪ್ಪ. ಮೂವತ್ತು ವರ್ಷ ಎಂಟು ತಿಂಗಳಲ್ಲಿ ಅವನಿಗೆ ನೇರವಾಗಿ ಆಡಿದ ಮೊದಲ ಮಾತು.

"ಅಕ್ಕನಿಗೆ ಹೇಳಿದೀನಿ ಭಾವ."

"ನಿಮ್ಮಕ್ಕ ಹೋದಳು. ನಾನಿನ್ನೂ ಇದೀನಿ. ಬಿಡು."

ಎಳೆಯಲು ಉಸಿರು ತುಂಬಿಕೊಳ್ಳುತ್ತ ಮಾವ ತಲೆ ಎತ್ತಿದ. ಆಗ ಅವನಿಗೆ ಗುಂಡು ಕಾಣಿಸಿತು, ಅಪ್ಪನ ನೆತ್ತಿಗೂ ಅದಕ್ಕೂ ನಡುವಿನ ಜಾಗವೂ ಕಾಣಿಸಿತು. ನನ್ನ ಕಡೆ ನೋಡಿದ. ನಾನು ಪಟ್ಟಿ ನೋಡಿದೆ.

ಸೈರನ್ ಎದ್ದಿತು. ನಮ್ಮೂರ ಸೈರನ್ ಪೂರ್ತಿ ಕೂಗಿ ನಿಲ್ಲಲು ಅರ್ಧ ನಿಮಿಷ ಬೇಕು. ಸೈರನ್ ಕೇಳಿದ್ದೇ ಅಪ್ಪ ನೆಟ್ಟಗಾಗಲು ಶುರುಮಾಡಿದ. ಹಿಡಿದುಕೊಳ್ಳಲು ಚೌಕಟ್ಟಿರಲಿಲ್ಲ, ಸರಳಿರಲಿಲ್ಲ. ಮಾವನ ಕೈಯಿತ್ತು. ತನ್ನ ಮಣಿಕಟ್ಟು ಹಿಡಿದ ಕೈಯನ್ನೇ ಊರುಗೋಲು ಮಾಡಿಕೊಂಡು, ಇನ್ನೊಂದು ಕೈಯನ್ನು ಅದರ ಮೇಲೆ ಇಟ್ಟು ಭಾರ ಬಿಟ್ಟು, ಏಳತೊಡಗಿದ. ಕತ್ತಿನ ನರ ಎದ್ದವು. ಬೆನ್ನು ಲಟಲಟ ಎಂದಿತು. ಬಿಳಿ ಕೂದಲು ಒಂದು ಬೆರಳು ಮೇಲೆ ಬಂತು. ಇನ್ನೊಂದು ಬೆರಳು. ಅರವತ್ತೈದು. ಜಬ್ಬಾರ್ ಸಾಬರು ಚಿನ್ಮಯಿಯ ಮುಖವನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡರು.

ಎಳೆದರೆ ಅಪ್ಪ ಆ ಎಳೆತದಲ್ಲೇ ಮೇಲೆದ್ದು ಪಕ್ಕಕ್ಕೆ ಬೀಳುತ್ತಿದ್ದ, ಏಳುವಾಗ ತಲೆ ಗುಂಡಿಗೆ ತಗುಲುತ್ತಿತ್ತೋ ಇಲ್ಲವೋ ಹೇಳಲಾಗದು. ಹಿಡಿದುಕೊಂಡೇ ಇದ್ದರೆ ಇನ್ನೊಂದು ಬೆರಳು ಏಳುತ್ತಿದ್ದ. ಮಾವ ಹಗ್ಗದ ವ್ಯಾಪಾರಿ, ಭಾರ ಎಲ್ಲಿ ನಿಂತಿದೆ ಎಂಬುದು ಅವನಿಗೆ ಕೈಯಲ್ಲೇ ತಿಳಿಯುತ್ತದೆ. ಅವನ ತುಟಿ ಒಮ್ಮೆ "ಅಕ್ಕಾ" ಎಂದಂತೆ ಅಲುಗಿತು. ಎರಡೂ ಕೈ ಬಿಟ್ಟ.

ಆಧಾರ ತಪ್ಪಿ ಅಪ್ಪ ಇದ್ದಲ್ಲೇ ಕುಸಿದ. ಪಾದ ಕದಲಲಿಲ್ಲ, ಬೆನ್ನು ಮಾತ್ರ ತನ್ನ ಹಳೆಯ ಬಾಗಿಗೆ ಹೋಗಿ ಕೂತಿತು. ಸೈರನ್ ನಿಂತಿತು. ಗುಂಡು ಒಂದು ಬೆರಳು ಸರಿದು ಗೆರೆ ದಾಟಿ, ಅಪ್ಪನ ಬೆನ್ನ ಮೇಲೆ ಬಿದ್ದು, ಜುಬ್ಬದ ಮೇಲೆ ಉರುಳಿ, ಜಗಲಿಗೆ ಟಣ್ ಎಂದು ಬಿತ್ತು. ಗೆರೆ ದಾಟಿದ ಮೇಲೆ ಅದು ಬರೀ ಸೀಸದ ತುಂಡು.

ಅದು ಉರುಳುತ್ತ ಬಂದು ಅಪ್ಪನ ಕಣ್ಣೆದುರು ನಿಂತಿತು. ಅಪ್ಪ ಅದನ್ನೇ ನೋಡಿದ.

"ಇಷ್ಟೇನಾ?" ಎಂದ.

ಕಾಲಬೆರಳಿನಿಂದ ಅದನ್ನು ಒಮ್ಮೆ ತಳ್ಳಿ ನೋಡಿದ.

"ಎದೆಗೆ ಬಡೀತು, ಬಿತ್ತು. ಇರುವೆ ಕಡಿದಂಗೂ ಆಗಲಿಲ್ಲವಲ್ಲೋ." ಅಪ್ಪನ ದನಿ ಏರಿತು. "ನಾನು ಅವತ್ತೇ ಹೇಳಿದ್ನೋ ಇಲ್ವೋ? ಮದುವೇಲಿ ಹಾಕ್ಕಂಡು ಓಡಾಡಾಕೆ ಅಂತ ಹೇಳಿದ್ನೋ ಇಲ್ವೋ? ಲೇ ನಾಗೇಂದ್ರ, ಈಗ ಏನಂತೀಯ?"

ಮಾವ ಆ ಪಿಸ್ತೂಲನ್ನು ಮೂವತ್ತು ವರ್ಷ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದ. ಆಯುಧಪೂಜೆಗೆ ಅದಕ್ಕೇ ಮೊದಲ ಹೂವು. ಪದ್ಮರಾಜಯ್ಯನವರು ಅವನನ್ನೇ ನೋಡುತ್ತಿದ್ದರು, ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು.

"ಹೌದು ಭಾವ" ಎಂದ ಮಾವ. "ಮೂವತ್ತೆರಡೇ ಮೇಲು."

"ಎಲ್ಲರಿಗೂ ಕೇಳೋಹಂಗೆ ಹೇಳು."

"ಮೂವತ್ತೆರಡೇ ಮೇಲು!" ಮಾವ ಬೀದಿಗೆ ತಿರುಗಿ ಕೂಗಿದ. ಕೂಗಿ ಮಂಡಿ ಹಿಡಿದುಕೊಂಡು ಜಗಲಿಯ ಅಂಚಿಗೆ ಕೂತ.

ನಾನು ಪುಸ್ತಕ ತೆಗೆದು ತಾರೀಖು ಹಾಕಿ, "ಬಿತ್ತು" ಎಂದು ಬರೆದೆ. ಎತ್ತರ ಎಂಬ ಕಾಲಮಿನಲ್ಲಿ ಅರವತ್ತಾರು. ಹೊಡೆಸಿಕೊಂಡವರ ಎತ್ತರಕ್ಕೆ ಆ ಪುಸ್ತಕದಲ್ಲಿ ಕಾಲಮಿಲ್ಲ. ಆಮೇಲೆ ಉಳಿದ ಹದಿನೆಂಟು ಗೂಡು ಸರಿಸಲು ಹೋದೆ, ಆಗಲೇ ತಡವಾಗಿತ್ತು.

ಆ ತಿಂಗಳು ಪದ್ಮರಾಜಯ್ಯನವರ ಅಂಗಡಿಯಲ್ಲಿ ಒಂದೇ ಒಂದು ನಲವತ್ತೈದು ಹೋಗಲಿಲ್ಲ. ಅಪ್ಪ ಟೀ ಅಂಗಡಿಯಲ್ಲಿ ಕೂತು ಹೊಸ ತಲೆಮಾರಿಗೆ ಎದೆ ಮುಟ್ಟಿ ತೋರಿಸುತ್ತಾನೆ, ಇಲ್ಲೇ ಬಡಿದದ್ದು ಎಂದು. ಮಾವ ಎದುರಿಗೆ ಕೂತು "ಹೂಂ" ಎನ್ನುತ್ತಾನೆ. ಚಿನ್ಮಯಿ ಒಂದು ಸಲ, "ಅಲ್ಲ ತಾತ, ಅದು..." ಎಂದಳು. ನಾನು ನೋಡಿದ ನೋಟಕ್ಕೆ ಬೋಂಡಾ ತಿನ್ನತೊಡಗಿದಳು.

ಆ ಶುಕ್ರವಾರ ಮಧ್ಯಾಹ್ನ ನಾನು ಮನೆಗೆ ಬಂದಾಗ ಅವರಿಬ್ಬರೂ ಅಡುಗೆಮನೆಯಲ್ಲಿ ಎದುರುಬದುರು ಕೂತಿದ್ದರು, ಬಡಿಸುವವರಿಲ್ಲದೆ. ನಾನು ಕೈತೊಳೆದು ಬಡಿಸಿದೆ. ಅಪ್ಪ ಉಂಡು ಎದ್ದ ಮೇಲೂ ಮಾವ ಎಲೆಯ ಮುಂದೆ ಕೂತೇ ಇದ್ದ.

"ಅಕ್ಕನಿಗೆ ಏನ್ ಹೇಳ್ಲಿ ವನಜಾ?" ಎಂದ.

ನಾನು ಇನ್ನೊಂದು ಸೌಟು ಸಾರು ಹಾಕಿದೆ.

ಗುಂಡು ಮುಟ್ಟುವ ದಿನ ಭಾವನ ಕೈ ಹಿಡಿದು ಪಕ್ಕಕ್ಕೆ ಎಳೆಯುತ್ತೇನೆಂದು ನಾಗೇಂದ್ರ ಮಾವ ನನ್ನ ಅವ್ವನಿಗೆ ಆಣೆಯಿಟ್ಟು ಹೇಳಿದ್ದ. ಕೈ ಹಿಡಿದ. ಎಳೆಯಲಿಲ್ಲ.